ನನ್ನ ದೋಸ್ತನನ್ನು ಕಸಿದುಕೊಂಡ ಪೈಲ್ವಾನ

ಅವನ ಎಡ ಅಂಗೈಯಲ್ಲಿ ಒಂದು ಗೆರೆಯೂ ಇರಲಿಲ್ಲ. ಆಯುಷ್ಯದ ಗೆರೆ, ವಿದ್ಯೆಯ ಗೆರೆ, ಸಂತಾನದ ಗೆರೆ ಎಂದು ಎಲ್ಲರ ಕೈಯಲ್ಲೂ ಇರುವಂಥದ್ದು ಅಲ್ಲಿ ಏನೂ ಇಲ್ಲ. ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ಚರ್ಮ ನುಣ್ಣಗೆ, ಕೆಂಪಗೆ, ಬಿಗಿದುಕೊಂಡು ಹೊಳೆಯುತ್ತಿತ್ತು. ಕಿರುಬೆರಳು ಒಳಗೆ ಬಾಗಿ ಹಾಗೇ ನಿಂತುಬಿಟ್ಟಿತ್ತು. ಬಿಸಿ ಚಹಾದ ಕಪ್ಪನ್ನು ಬುಡ ಹಿಡಿದು ಎತ್ತಿದರೂ ಆ ಕೈಗೆ ಸುಡುತ್ತಿರಲಿಲ್ಲ. ಒಮ್ಮೆ ನಮ್ಮ ಬೀದಿಗೆ ಬಂದ ಕೈ ನೋಡುವವನೊಬ್ಬ ಆ ಅಂಗೈಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಇದರಲ್ಲಿ ಹೇಳುವುದಕ್ಕೆ ಏನೂ ಉಳಿದಿಲ್ಲ ಎಂದು ಬಿಟ್ಟುಕೊಟ್ಟ. ಇವನು ನಕ್ಕು, ಅವನಿಗೆ ಚಹಾ ಕುಡಿಸಿ ಕಳಿಸಿದ.

ಊರೆಲ್ಲ ಅವನನ್ನು ಶರಣರು ಎನ್ನುತ್ತಿತ್ತು. ನಾನು ಕಡೆತನಕ ಪೈಲ್ವಾನ ಎಂದೇ ಅಂದೆ, ಈಗಲೂ ಹಾಗೇ ಬರೆಯುತ್ತೇನೆ. ತೀರಿಹೋದವರ ವಿಷಯದಲ್ಲಿ ಒಳ್ಳೆಯ ಮಾತನ್ನೇ ಆಡಬೇಕು ಎಂದು ಹಿರಿಯರು ಹೇಳುತ್ತಾರೆ. ಒಳ್ಳೆಯ ಮಾತು ಬೇಕಾದಷ್ಟಿವೆ, ಒಂದೊಂದಾಗಿ ಬರುತ್ತವೆ. ಆದರೆ ನನ್ನ ಹೊಟ್ಟೆಕಿಚ್ಚನ್ನು ಬಾಗಿಲ ಹೊರಗೆ ನಿಲ್ಲಿಸಿ ಅವನ ವಿಷಯ ಬರೆಯಲು ನನ್ನಿಂದ ಆಗುವುದಿಲ್ಲ. ಚಿಕ್ಕಂದಿನಿಂದ ನನ್ನವನೇ ಆಗಿದ್ದ ದೋಸ್ತನನ್ನು ಆ ಮನುಷ್ಯ ನನ್ನ ಕಣ್ಣೆದುರಿಗೇ ಕಸಿದುಕೊಂಡ.

ಬಸವಕಲ್ಯಾಣದ ಹಳೆ ಪೇಟೆಯಲ್ಲಿ ನನ್ನದು ಅರಿವೆ ಅಂಗಡಿ. ಎದುರು ಸಾಲಿನಲ್ಲಿ ದೋಸ್ತನ ಗಾದಿ ಅಂಗಡಿ. ಅವನ ಅಪ್ಪ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದರು, ಇವನು ಯಂತ್ರ ಹಾಕಿಸಿದ. ಗಾದಿಯ ಖೋಳಕ್ಕೆ ಬೇಕಾದ ಅರಿವೆ ನನ್ನ ಅಂಗಡಿಯಿಂದ ಹೋಗುತ್ತಿತ್ತು, ಅದರೊಳಗಿನ ಹತ್ತಿ ಅವನದು. ಲಗ್ನದ ಗಿರಾಕಿಗಳು ನಮ್ಮಿಬ್ಬರ ನಡುವೆ ಬೀದಿ ದಾಟುತ್ತಲೇ ಇರುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ನಾನು ಅವನ ಅಂಗಡಿಯ ಹತ್ತಿ ರಾಶಿಯ ಪಕ್ಕ ಕಾಲು ಚಾಚಿ ಒಂದು ನಿದ್ದೆ ತೆಗೆಯುತ್ತಿದ್ದೆ. ಎದ್ದ ಮೇಲೆ ಇಬ್ಬರ ನಡುವೆ ಒಂದು ಚಹಾ. ಕಪ್ಪಿನಲ್ಲಿ ಉಳಿದದ್ದು ನನಗೆ, ಕೆಳಗಿನ ಬಸಿಗೆ ಸುರಿದದ್ದು ಅವನಿಗೆ. ನಮಾಜಿಗೆ ಹೋಗುವಾಗ ನನ್ನನ್ನು ಗಲ್ಲೆಯ ಮುಂದೆ ಕೂಡಿಸಿ ಹೋಗುತ್ತಿದ್ದ. ಅವನ ಗಿರಾಕಿಗೆ ನಾನೇ ಗಾದಿ ಮಾರಿದ್ದೂ ಉಂಟು.

ಆ ಕಾಲದಲ್ಲಿ ಪೈಲ್ವಾನ ನಿಜವಾಗಿಯೂ ಪೈಲ್ವಾನನೇ. ಊರು ಮಂಠಾಳದ ಕಡೆ, ಮನೆದೇವರು ಮೈಲಾರ ಮಲ್ಲಣ್ಣ, ಲಿಂಗ ಕಟ್ಟುವ ಕುಲದವನಲ್ಲ. ಕೋಟೆಯ ಹಿಂದಿನ ಓಣಿಯ ತಾಲೀಮು ಮನೆಯಲ್ಲಿ ಹುಡುಗರಿಗೆ ಕುಸ್ತಿ ಕಲಿಸಲು ಬಂದವನು. ಬರಬರುತ್ತ ತಾಲೀಮಿನಲ್ಲಿ ಕುಸ್ತಿ ಕಡಿಮೆಯಾಗಿ ಬೇರೆ ಮಾತು ಹೆಚ್ಚಾಯಿತು. ಮೈಗೆ ಮಣ್ಣು ಹಚ್ಚಿಕೊಳ್ಳಬೇಕಾದ ಹುಡುಗರು ತಲೆಗೆ ಏನೇನೋ ಹಚ್ಚಿಕೊಂಡರು. ಮುಸಲ್ಮಾನರೊಬ್ಬರನ್ನು ಅವನು ಹೆಸರು ಹಿಡಿದು ಕರೆದದ್ದು ನಾನು ಕೇಳಿಲ್ಲ, ಎಲ್ಲರೂ ಅವನಿಗೆ 'ಆ ಮಂದಿ'. ಗಣಪತಿ ಮೆರವಣಿಗೆ ಮಸೀದಿಯ ಮುಂದೆ ಬಂದಾಗ ಬ್ಯಾಂಡಿನವರ ಎದುರು ಎರಡೂ ಕೈ ಚಾಚಿ ನಿಂತು, ಮುಂದೆ ಹೋಗಗೊಡದೆ, ಇನ್ನೂ ಜೋರಾಗಿ ಬಾರಿಸಿರಿ ಎಂದು ಗದರುತ್ತಿದ್ದವನು ಅವನೇ. ಅವನ ಲಗ್ನದಲ್ಲಿ ಹೆಣ್ಣಿನ ಕಡೆಯವರು ಒಂದು ಗಾದಿ ಕೊಟ್ಟಿದ್ದರು. ಅದು ನನ್ನ ದೋಸ್ತನ ಅಂಗಡಿಯಲ್ಲಿ ಹೊಲಿದದ್ದು ಎಂದು ತಿಳಿದ ಕೂಡಲೇ ಎಳೆದು ತಂದು ಓಣಿಯಲ್ಲಿ ಬಿಸಾಕಿದ. ಹೊಸ ಮದುಮಗಳು ಚಾಪೆಯ ಮೇಲೆ ಮಲಗಿ ಸಂಸಾರ ಶುರು ಮಾಡಿದಳು.

ಆಮೇಲೆ ಒಂದು ವರ್ಷ ಊರಲ್ಲಿ ಗಲಾಟೆ ಆಯಿತು. ಯಾತಕ್ಕೆ ಶುರುವಾಯಿತು ಎಂಬುದನ್ನು ಇವತ್ತಿಗೂ ಇಬ್ಬರು ಒಂದೇ ರೀತಿ ಹೇಳುವುದಿಲ್ಲ. ನಾನು ಖರೀದಿಗೆ ಸೊಲ್ಲಾಪುರಕ್ಕೆ ಹೋಗಿದ್ದೆ. ಬಸ್ಸುಗಳು ನಿಂತು, ಮರುದಿನ ಯಾವುದೋ ಲಾರಿ ಹತ್ತಿ ಊರು ಮುಟ್ಟಿದಾಗ ದೋಸ್ತ ನನ್ನ ಅಂಗಡಿಯ ಕಟ್ಟೆಯ ಮೇಲೆ ಕೂತು ಎದುರಿಗೆ ನೋಡುತ್ತಿದ್ದ. ಎದುರಿಗೆ ನೋಡಲು ಏನೂ ಉಳಿದಿರಲಿಲ್ಲ. ಹತ್ತಿಗೆ ಬೆಂಕಿ ಬಿದ್ದರೆ ಒಂದು ಕೊಡ ನೀರು ತರುವಷ್ಟು ಹೊತ್ತೂ ಸಿಗುವುದಿಲ್ಲ. ಪೈಲ್ವಾನ ಅಂಗಡಿಯ ಬಾಗಿಲಲ್ಲಿದ್ದ ಹತ್ತಿಯನ್ನೇ ಒಂದು ಹಿಡಿ ತೆಗೆದು, ಸೀಮೆಎಣ್ಣೆಯಲ್ಲಿ ಅದ್ದಿ, ಕಡ್ಡಿ ಗೀರಿ ಒಳಗೆ ಎಸೆದಿದ್ದ. ಅವನು ಎಡಚ. ಎಸೆದದ್ದು ಅರ್ಧ, ಅಂಗೈಗೆ ಅಂಟಿ ಉರಿದದ್ದು ಅರ್ಧ. ಅವನು ಕೈ ಝಾಡಿಸುತ್ತ ಓಡಿದ್ದನ್ನು ಬೀದಿಯೆಲ್ಲ ನೋಡಿತ್ತು, ಸಾಕ್ಷಿ ಹೇಳಲು ಮಾತ್ರ ಯಾರೂ ಸಿಗಲಿಲ್ಲ. ಕೇಸು ಬಿದ್ದುಹೋಯಿತು. ಪೈಲ್ವಾನ ಊರಿನಿಂದ ಕಾಣೆಯಾದ, ಅವನ ಹೆಂಡತಿ ತವರಿಗೆ ಹೋದವಳು ತಿರುಗಿ ಬರಲಿಲ್ಲ.

ದೋಸ್ತನಿಗೆ ನನ್ನ ಗೋದಾಮು ಖಾಲಿ ಮಾಡಿಕೊಟ್ಟೆ. ಹೊಸ ಅಂಗಡಿ ಎದ್ದು ನಿಲ್ಲುವವರೆಗೆ ಅವನು ಅಲ್ಲಿಯೇ ಗಾದಿ ಹೊಲಿದ. ನಮ್ಮ ಸಮಾಜದ ಕೆಲವರು ನನ್ನ ಅಂಗಡಿಗೆ ಬರುವುದು ಬಿಟ್ಟರು, ಬಿಡಲಿ ಎಂದೆ. ಇದನ್ನು ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಮುಂದೆ ಆದದ್ದನ್ನು ಓದುವಾಗ ನನ್ನ ಪಕ್ಷವೂ ನಿಮ್ಮ ತಲೆಯಲ್ಲಿರಲಿ ಎಂದು ಹೇಳುತ್ತಿದ್ದೇನೆ.

ನಾಲ್ಕೈದು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ನನ್ನ ಅಂಗಡಿಯ ನೆರಳಿನಲ್ಲಿ ಒಬ್ಬ ಮನುಷ್ಯ ಬಂದು ನಿಂತ. ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಮೈ ಅರ್ಧಕ್ಕೆ ಇಳಿದಿತ್ತು. ಸುಟ್ಟ ಕೈ ನೋಡಿ ಗುರುತು ಹಿಡಿದೆ. ದೋಸ್ತನ ಅಂಗಡಿಯ ಕಡೆ ಮುಖ ಮಾಡಿ ಸುಮ್ಮನೆ ನಿಂತ, ಮಧ್ಯಾಹ್ನ ಹೋದ, ಮರುದಿನ ಮತ್ತೆ ಬಂದ. ಇಲ್ಲಿ ನಿಲ್ಲಬೇಡ ಎಂದು ಗದರಿದರೆ, ಹೋಗುತ್ತೇನೆ ಸಾವ್ಕಾರರೇ ಎಂದು ತಲೆ ತಗ್ಗಿಸಿ ಹೋಗುತ್ತಿದ್ದ. ಬೆಳಗಾದರೆ ಅಲ್ಲೇ. ದೋಸ್ತ ತಲೆ ಎತ್ತದೆ ದಬ್ಬಳ ಆಡಿಸುತ್ತಿದ್ದ. ಹೀಗೆ ಒಂದು ವಾರ ಆಗಿರಬೇಕು. ಒಂದು ದಿನ ದೋಸ್ತ ದಬ್ಬಳ ಕೆಳಗಿಟ್ಟು, ಬೀದಿ ದಾಟಿ ಬಂದು ಅವನೆದುರು ನಿಂತ. ಏನಾದರೂ ಆದರೆ ಇರಲಿ ಎಂದು ನಾನು ಅರಿವೆ ಅಳೆಯುವ ಕೋಲು ಹಿಡಿದುಕೊಂಡೇ ಎದ್ದೆ.

"ಗಾದಿ ಬೇಕೇನ್ರಿ ಪೈಲ್ವಾನ್ರ?" ಎಂದ ದೋಸ್ತ, ಯಾವುದೋ ಗಿರಾಕಿಯನ್ನು ಕೇಳುವ ಹಾಗೆ.

"ಬೇಕ್ರಿ" ಎಂದ ಪೈಲ್ವಾನ.

"ಹಂಗಾದ್ರ ಒಳಗ ಬಂದು ಕೂಡ್ರಿ. ನಾ ಮಾಡಿ ಕೊಡಂಗಿಲ್ಲ. ಹತ್ತಿ ಕೊಡ್ತೀನಿ, ದಬ್ಬಳ ಕೊಡ್ತೀನಿ. ನೀವ ಹೊಲ್ಕೋರಿ."

ಆ ಕೈಯಲ್ಲಿ ದಬ್ಬಳ ನಿಲ್ಲುತ್ತಿರಲಿಲ್ಲ. ಬಲಗೈಗೆ ರೂಢಿಯಿಲ್ಲ, ಎಡಗೈಗೆ ಸ್ಪರ್ಶವಿಲ್ಲ. ಒಂದು ಸಾಲು ಹೊಲಿಗೆ ಹಾಕಿದರೆ ದೋಸ್ತ ನೋಡಿ, ದಾರ ಎಳೆದು ಬಿಚ್ಚಿ, ಮತ್ತೆ ಹಾಕಿರಿ ಎನ್ನುತ್ತಿದ್ದ. ನಾನು ನನ್ನ ಗಲ್ಲೆಯ ಮೇಲೆ ಕೂತು ಇದನ್ನೆಲ್ಲ ಮಜವಾಗಿ ನೋಡಿದೆ. ಶಿಕ್ಷೆ ಎಂದು ತಿಳಿದಿದ್ದೆ. ಬೇಸಿಗೆಯೆಲ್ಲ ಕಳೆದು ಆ ಒಂದು ಗಾದಿ ಮುಗಿಯುವ ಹೊತ್ತಿಗೆ, ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ದೋಸ್ತ ಎರಡು ದಬ್ಬಳಕ್ಕೆ ದಾರ ಪೋಣಿಸಿ ಇಡುತ್ತಿದ್ದುದು ನನ್ನ ಕಣ್ಣಿಗೆ ಬಿತ್ತು. ಪೈಲ್ವಾನ ಗಾದಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ಒಯ್ದ, ಮರುದಿನ ಬಂದು ಇನ್ನೊಬ್ಬರ ಗಾದಿಗೆ ಕೂತ. ಶಿಕ್ಷೆ ಮುಗಿದಿದೆ, ಇವನು ಹೋಗುತ್ತಿಲ್ಲ ಎಂದು ನನಗೆ ಕಸಿವಿಸಿ ಶುರುವಾದದ್ದು ಆ ದಿನದಿಂದ.

ಅವನಿಗೆ ಏನಾಗಿತ್ತು ಎಂಬುದನ್ನು ಒಂದು ಮಧ್ಯಾಹ್ನ ಅವನ ಬಾಯಿಂದಲೇ ಕೇಳಿದೆವು. ಕಲ್ಯಾಣ ಬಿಟ್ಟವನು ಹುಮನಾಬಾದಿಗೆ ಹೋಗಿ, ಕೈ ಮಾಯ್ದ ಮೇಲೆ ಕಾಳಿನ ಪೇಟೆಯಲ್ಲಿ ಹಮಾಲಿ ಮಾಡಿದನಂತೆ. ಇರಲು ಒಂದು ಕೋಣೆ ಸಿಕ್ಕಿದ್ದು ಒಬ್ಬಳು ಒಂಟಿ ಅಜ್ಜಿಯ ಮನೆಯಲ್ಲಿ. ಅಜ್ಜಿ ಕಟ್ಟಾ ಲಿಂಗವಂತೆ. ಕೋಣೆ ಕೊಡುತ್ತೇನೆ, ಆದರೆ ಲಿಂಗ ಕಟ್ಟದವರಿಗೆ ನನ್ನ ಮನೆಯಲ್ಲಿ ತಾಟು ಹಾಕುವುದಿಲ್ಲ ಎಂದಳು. ಆಕೆಯ ರೊಟ್ಟಿಯ ವಾಸನೆ ಕೋಣೆಯವರೆಗೂ ಬರುತ್ತಿತ್ತು. ಇವನು ಒಬ್ಬ ಅಯ್ಯನವರ ಕೈಯಿಂದ ದೀಕ್ಷೆ ತೆಗೆದುಕೊಂಡ. ನೋಡಿರಿ, ಊರೆಲ್ಲ ಶರಣರು ಶರಣರು ಎಂದು ಕಾಲಿಗೆ ಬೀಳುತ್ತಿದ್ದ ಮನುಷ್ಯ ಲಿಂಗ ಕಟ್ಟಿದ್ದು ಭಕ್ತಿಯಿಂದಲ್ಲ, ಜೋಳದ ರೊಟ್ಟಿಗಾಗಿ. ಇದನ್ನು ನಾನು ಬಹಳ ಮಂದಿಗೆ ಹೇಳಿದ್ದೇನೆ. ಯಾರೂ ನನ್ನಷ್ಟು ನಗಲಿಲ್ಲ.

"ಎಡಗೈಯಾಗ ಲಿಂಗ ಇಟ್ಕೊಂಡು ರೆಪ್ಪಿ ಬಡೀದಂಗ ನೋಡು ಅಂದ್ಳು ಅಜ್ಜಿ," ಎಂದ ಪೈಲ್ವಾನ. "ನೋಡಿದ್ನಿ. ನನಗ ಲಿಂಗ ಕಾಣಲಿಲ್ರಿ, ಅದರ ಕೆಳಗಿನ ಕೈ ಕಂಡ್ತು. ಮರುದಿನಾನೂ ಕೈನೇ. ಬಿಡ್ತೀನಂದ್ರ ಅಜ್ಜಿ ರೊಟ್ಟಿ ಕೊಡಂಗಿಲ್ಲ. ದಿನಾ ಮುಂಜಾನೆ ಆ ಕೈ ನೋಡಬೇಕು. ಆಮ್ಯಾಗ ಪ್ಯಾಟಿಗ ಹೋಗಿ ಆ ಮಂದಿ ಜೋಡಿನೇ ಚೀಲ ಹೊರಬೇಕು, ಚೀಲದ ಆ ತುದಿ ಅವರು, ಈ ತುದಿ ನಾ. ಎಷ್ಟು ದಿನ ಅಂತ ನನಗ ನಾನೇ ಸುಳ್ಳು ಹೇಳ್ಕೊಳ್ಳದು?"

ದೋಸ್ತ ಯಂತ್ರ ನಿಲ್ಲಿಸಿ ಕೇಳುತ್ತಿದ್ದ. ನನ್ನ ಅಂಗಡಿಗೆ ಗಿರಾಕಿ ಬಂದದ್ದು ಕಂಡರೂ ನಾನು ಏಳಲಿಲ್ಲ, ಅದು ಖರೆ. ಆದರೆ ಮನೆಗೆ ಬಂದು ಮಲಗಿದರೆ ನಿದ್ದೆ ಹತ್ತಲಿಲ್ಲ. ನಾನು ಹುಟ್ಟು ಲಿಂಗವಂತ. ತೊಟ್ಟಿಲಿನಲ್ಲಿದ್ದಾಗಿನಿಂದ ನನ್ನ ಕೊರಳಲ್ಲಿ ಲಿಂಗ ಇದೆ, ಅದನ್ನಿಡಲು ಮೂರು ತಲೆಮಾರಿನ ಬೆಳ್ಳಿ ಕರಡಿಗೆ. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಅವನು ಹೇಳಿದ ಹಾಗೆ ಅಂಗೈಯಲ್ಲಿಟ್ಟು ರೆಪ್ಪೆ ಬಡಿಯದೆ ನೋಡಿದೆ. ಅಂಗಡಿಯ ಬೀಗದ ಕೈ ಎಲ್ಲಿಟ್ಟಿದ್ದೇನೆ ಎಂಬುದು ನೆನಪಾಯಿತು, ಅಷ್ಟೇ. ನಿನ್ನೆ ಮೊನ್ನೆ ರೊಟ್ಟಿಗೆ ಆಸೆಪಟ್ಟು ಕಟ್ಟಿದವನಿಗೆ ಸಿಕ್ಕಿದ್ದು ನನಗೆ ಈ ವಯಸ್ಸಿನವರೆಗೂ ಸಿಕ್ಕಿಲ್ಲ. ದೇವರ ವಿಷಯದಲ್ಲೂ ಹೊಟ್ಟೆಕಿಚ್ಚು ಪಡಬಹುದು ಎಂದು ನನಗೆ ಗೊತ್ತಾದದ್ದು ಹಾಗೆ.

ಚಹಾದ ವಿಷಯ ಇನ್ನೂ ಕೆಟ್ಟದ್ದು. ಮೂವರಾದ ಮೇಲೆ ಹೋಟೆಲಿನ ಹುಡುಗ ಒಂದು ಬಸಿ ಹೆಚ್ಚಿಗೆ ತರತೊಡಗಿದ. ಪೈಲ್ವಾನನ ಕೈಯಲ್ಲಿ ಬಸಿ ಸಮನಾಗಿ ನಿಲ್ಲುತ್ತಿರಲಿಲ್ಲ, ಚಹಾ ಚೆಲ್ಲುತ್ತಿತ್ತು. ಹೀಗಾಗಿ ದೋಸ್ತ ಕಪ್ಪನ್ನು ಅವನಿಗೆ ಕೊಟ್ಟು ಬಸಿಯನ್ನು ನನ್ನ ಕಡೆ ಸರಿಸಿದ. ನ್ಯಾಯವಾಗಿ ಅದರಲ್ಲಿ ತಪ್ಪು ಹುಡುಕಲು ಬರುವಂತಿರಲಿಲ್ಲ, ಅದೇ ನನ್ನ ಸಂಕಟ. ಪೈಲ್ವಾನ ಹೋದ ಮೇಲೆ ನಾನು ದೋಸ್ತನಿಗೆ ನಮ್ಮ ಕಡೆಯ ಹಳೆ ಮಾತು ಹೇಳಿದೆ: ನೂರು ಇಲಿ ತಿಂದ ಬೆಕ್ಕು ಹಜ್ ಯಾತ್ರೆಗೆ ಹೊರಟಿತ್ತಂತೆ. ಅವನು ನಕ್ಕ. ಹಜ್‌ಗೆ ಹೋದ ಬೆಕ್ಕು ತಿರುಗಿ ಬಂದು ಇಲಿಯ ಜೋಡಿ ಕೂತು ಚಹಾ ಕುಡಿದರೆ, ಇಲಿಗೇ ತಕರಾರಿಲ್ಲದ ಮೇಲೆ ನಿನಗೇನು ತ್ರಾಸು ಎಂದ.

ಆ ವರ್ಷವಲ್ಲ, ಅದರ ಮರುವರ್ಷದ ದಸರೆಯಲ್ಲಿ ನನಗೆ ದೊಡ್ಡ ಪೆಟ್ಟು ಬಿತ್ತು. ದಸರೆಯ ಸಂಜೆ ಬನ್ನಿ ಎಲೆ ಹಿಡಿದು ಮನೆಮನೆಗೆ ಹೋಗುವುದು ನಮ್ಮಲ್ಲಿ ದೊಡ್ಡ ಪದ್ಧತಿ. ಕಿರಿಯರು ಹಿರಿಯರ ಮನೆಗೆ ಹೋಗಿ ಎಲೆ ಕೊಡಬೇಕು, ಹಿರಿಯರು ಬಾಗಿಲು ತೆರೆದು ಮನೆಯಲ್ಲಿ ಕೂತಿರಬೇಕು. ಬನ್ನಿ ತಗೊಂಡು ಬಂಗಾರದಂಗ ಇರೋಣ ಎಂದರೆ ವರ್ಷದ ಜಗಳವೆಲ್ಲ ಅಲ್ಲಿಗೆ ಮುಗಿಯಿತು. ನನಗಿಂತ ಆರು ತಿಂಗಳು ಚಿಕ್ಕವನಾದ ನನ್ನ ದೋಸ್ತ ಅವರಪ್ಪನ ಕಾಲದಿಂದ ಮೊದಲ ಎಲೆಯನ್ನು ನಮ್ಮ ಮನೆಗೇ ತರುತ್ತಿದ್ದ. ನನ್ನ ಸ್ವಂತ ತಮ್ಮಂದಿರಿಗಿಂತ ಮುಂಚೆ ಅವನು ಬಂದು, ನಮ್ಮಾಕೆ ಬಡಿಸಿದ ಹೋಳಿಗೆ ತಿಂದು ಹೋಗುವುದು. ಆ ಸಂಜೆ ತಮ್ಮಂದಿರು ಬಂದು ಹೋದರು, ಓಣಿಯವರೆಲ್ಲ ಬಂದು ಹೋದರು, ಹೋಳಿಗೆ ತಣ್ಣಗಾಯಿತು. ಅವನು ಬಂದದ್ದು ದೀಪ ಹಚ್ಚಿ ಬಹಳ ಹೊತ್ತಾದ ಮೇಲೆ. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ. ಪೈಲ್ವಾನನ ಮನೆಗೆ, ಮೊದಲು ಅಲ್ಲಿಗೇ ಹೋದೆ ಎಂದ.

ಪೈಲ್ವಾನ ನಮ್ಮಿಬ್ಬರಿಗಿಂತ ನಾಲ್ಕು ವರ್ಷ ದೊಡ್ಡವನು. ದೊಡ್ಡವನಾದ್ದರಿಂದ ತಾನೇ ಎಲೆ ಹಿಡಿದು ದೋಸ್ತನ ಮನೆಗೆ ಹೋಗುವಂತಿಲ್ಲ, ಕೂತು ಕಾಯಬೇಕು. ಊರಿಗೆ ತಿರುಗಿ ಬಂದಾಗಿನಿಂದ ಪ್ರತಿ ದಸರೆಗೆ ಮನೆ ಸಾರಿಸಿ, ತಾಟಿನಲ್ಲಿ ಸಕ್ಕರೆ ಇಟ್ಟು, ಬಾಗಿಲು ತೆರೆದು ಕೂಡುತ್ತಿದ್ದನಂತೆ. ತಾಲೀಮಿನ ಹಳೆ ಹುಡುಗರು ಅವನನ್ನು ದ್ರೋಹಿ ಎಂದು ಬಿಟ್ಟಿದ್ದರು. ಮಂಠಾಳದ ಅಣ್ಣತಮ್ಮಂದಿರು ಕುಲ ಬಿಟ್ಟವನು ಎಂದು ಬಿಟ್ಟಿದ್ದರು. ಒಬ್ಬರೂ ಹೋಗುತ್ತಿರಲಿಲ್ಲ. ಇದನ್ನೆಲ್ಲ ದೋಸ್ತ ಹೋಳಿಗೆ ಮುರಿಯುತ್ತ ಹೇಳಿದ. ಕರುಳು ಚುರುಕ್ ಎನ್ನಬೇಕಾದ ಮಾತು. ನನಗೆ ಮಾತ್ರ ಮೊದಲ ಎಲೆ ಕೈ ತಪ್ಪಿದ್ದೇ ಕಾಣುತ್ತಿತ್ತು.

"ನಿನ್ನ ಅಂಗಡಿ ಸುಟ್ಟಾವ ಅಂವ," ಎಂದೆ. "ನಾ ಏನ್ ಸುಟ್ಟಿದ್ದೆ ನಿಂದು?"

ದೋಸ್ತ ತಿನ್ನುವುದನ್ನು ನಿಲ್ಲಿಸಿದ. ನಮ್ಮಾಕೆ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು.

"ನೀ ನನ್ನ ದೋಸ್ತ. ಅಂವ ನನ್ನ ಕೆಲಸ," ಎಂದ ಅವನು. "ದೋಸ್ತಿ ತಾನಾಗೇ ಇರ್ತದ, ಮಲ್ಕೊಂಡ್ರೂ ಇರ್ತದ. ಅವನ ಮ್ಯಾಲಿನ ಸಿಟ್ಟು ಹಂಗಲ್ಲ. ರಾತ್ರಿ ಸತ್ತಿರ್ತದ, ಮುಂಜಾನೆ ಅಂಗಡಿ ಬೀಗ ತೆಗೀವಾಗ ಮತ್ತ ಎದ್ದಿರ್ತದ. ದಿನಾ ಹೊಸದಾಗಿ ಅವನ ಜೋಡಿ ಕೂಡಬೇಕು ನಾ."

ಅವನು ಹೋದ ಮೇಲೆ ನಮ್ಮಾಕೆ, ಅಷ್ಟು ಒಳ್ಳೆಯ ಮಾತು ಹೇಳಿದನಲ್ಲ, ಇನ್ನೂ ಯಾಕೆ ಮುಖ ಊದಿಸಿಕೊಂಡಿದ್ದೀರಿ ಎಂದಳು. ಮಾತು ಒಳ್ಳೆಯದೇ. ಆದರೆ ಮಲಗಿದರೂ ಇರುತ್ತದೆ ಎಂಬ ದೋಸ್ತಿಗಿಂತ ದಿನಾ ಬೆಳಿಗ್ಗೆ ಎದ್ದು ಮಾಡುವ ಕೆಲಸದ ಮೇಲೆ ಮನುಷ್ಯನ ಜೀವ ಹೆಚ್ಚಿರುತ್ತದೆ ಎಂಬುದು ಅಂಗಡಿ ನಡೆಸುವವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಪೈಲ್ವಾನ ಊರಿಗೆ ಏನು ಮಾಡಿದ ಎಂಬುದನ್ನೂ ಹೇಳಬೇಕು. ಹಬ್ಬಗಳ ಮುಂಚೆ ಪೊಲೀಸರು ಎರಡೂ ಕಡೆಯ ಹಿರಿಯರನ್ನು ಕರೆದು ಶಾಂತಿ ಸಭೆ ಮಾಡುತ್ತಾರೆ. ವ್ಯಾಪಾರಸ್ಥರ ಪರವಾಗಿ ನಾನು ಬಹಳ ವರ್ಷದಿಂದ ಅದರ ಸದಸ್ಯ. ನಾವೆಲ್ಲ ಅಣ್ಣತಮ್ಮಂದಿರು ಎಂದು ಶುರುಮಾಡಿ, ಬಸವಣ್ಣನವರು ನಡೆದಾಡಿದ ನೆಲ ಎಂದು ಮುಗಿಸುವ ನನ್ನ ಭಾಷಣಕ್ಕೆ ಚಪ್ಪಾಳೆಯೂ ಬೀಳುತ್ತಿತ್ತು. ಒಂದು ವರ್ಷ ದೋಸ್ತ ಪೈಲ್ವಾನನನ್ನೂ ಸಭೆಗೆ ಕರೆತಂದ. ನನ್ನ ಭಾಷಣ ಮುಗಿದು ಚಹಾ ಬರುವ ಹೊತ್ತಿಗೆ ಪೈಲ್ವಾನ ಎದ್ದು ನಿಂತು, ಗಟಾರದ ಕೆಲಸಕ್ಕೆಂದು ಚೌಕದಲ್ಲಿ ಹಾಕಿರುವ ಜಲ್ಲಿ ರಾಶಿಯನ್ನು ಹಬ್ಬಕ್ಕೆ ಮುಂಚೆ ಎತ್ತಿಸಬೇಕು ಎಂದ. ಎಲ್ಲರೂ ನಕ್ಕರು.

"ದ್ವೇಷ ಮನಸಿನ್ಯಾಗ ಇರ್ತದ್ರಿ ಸಾಹೇಬ್ರ, ಭಾಷಣಕ್ಕ ಹೋಗಂಗಿಲ್ಲ," ಎಂದ ಅವನು. "ಆ ಹೊತ್ತಿಗ ಕೈಗ ಏನು ಸಿಗ್ತದ ಅನ್ನೋದರ ಮ್ಯಾಲ ಗಲಾಟಿ. ನನಗ ಅವತ್ತ ಹತ್ತಿ ಸಿಕ್ತು."

ನಗು ನಿಂತುಹೋಯಿತು. ಮರುದಿನ ಜಲ್ಲಿ ರಾಶಿಯೂ ಹೋಯಿತು. ಅಂದಿನಿಂದ ಪ್ರತಿ ಮೆರವಣಿಗೆಯ ಮುಂಚೆ, ಅದು ಗಣಪತಿಯದಿರಲಿ, ಈದ್ ಜುಲೂಸ್ ಇರಲಿ, ಮೊಹರಮ್ಮಿನ ಸವಾರಿ ಇರಲಿ, ಪೈಲ್ವಾನ ಒಂದು ಕೈಗಾಡಿ ತಳ್ಳುತ್ತ ಇಡೀ ದಾರಿ ನಡೆದು ಬಿದ್ದ ಕಲ್ಲು, ಒಡೆದ ಇಟ್ಟಿಗೆ, ಖಾಲಿ ಬಾಟಲಿ ಎಲ್ಲ ಆರಿಸಿ ಒಯ್ಯುತ್ತಿದ್ದ. ಮಾಳಿಗೆ ಹತ್ತಿ ನೋಡುತ್ತಿದ್ದ. ಎಲ್ಲಿ ನಿಂತರೆ ಕಲ್ಲು ದೂರ ಹೋಗುತ್ತದೆ ಎಂಬುದು ಅವನಿಗೆ ಹಳೆಯ ವಿದ್ಯೆ. ಹುಮನಾಬಾದ್, ಚಿಟಗುಪ್ಪಗಳಿಂದಲೂ ಕರೆ ಬರತೊಡಗಿತು. ಹುಡುಗರು ಅವನ ಸುತ್ತ ಕೂತು ಅಂಗೈ ನೋಡಿ ಮಾತು ಕೇಳುತ್ತಿದ್ದರು. ಎರಡೂ ಕೈ ಸರಿಯಿದ್ದ ನನ್ನಂಥವನ ಮಾತು ಕೇಳುವವರು ಯಾರು?

ಒಂದು ವರ್ಷದ ಮೆರವಣಿಗೆ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಅಂಗಡಿಗಳ ಹತ್ತಿರದ ಮಸೀದಿಯ ತಿರುವಿನಲ್ಲಿ ಬ್ಯಾಂಡು ನಿಂತಿತು. ಆ ಕಡೆ ಈ ಕಡೆ ಹುಡುಗರು ಎದುರುಬದುರಾದರು, ಬೈಗುಳ ಎದ್ದಿತು. ನಾನು ಶಾಂತಿ ಸಭೆಯ ಬಿಲ್ಲೆ ಎದೆಗೆ ಚುಚ್ಚಿಕೊಂಡು ಪೆಂಡಾಲಿನ ಕುರ್ಚಿಯಲ್ಲಿ ಕೂತಿದ್ದೆ, ಕೂತೇ ಇದ್ದೆ. ಮೆರವಣಿಗೆಯಲ್ಲಿದ್ದ ಒಬ್ಬ ಹುಡುಗ ಬಗ್ಗಿ ನೆಲ ತಡವಿದ. ಏನೂ ಸಿಗಲಿಲ್ಲ. ಮತ್ತೆ ತಡವಿದ. ಸಿಟ್ಟಿಗೆ ಕಾಲಿನ ಚಪ್ಪಲಿ ಕಿತ್ತು ಎಸೆದ. ಅದು ಯಾರಿಗೂ ತಾಗದೆ ಹೋಗಿ ದೋಸ್ತನ ಅಂಗಡಿಯ ಹತ್ತಿ ರಾಶಿಯಲ್ಲಿ ಹೂತುಕೊಂಡಿತು. ದೋಸ್ತ ಎದ್ದು, ಹತ್ತಿಯಲ್ಲಿ ಕೈ ಆಡಿಸಿ ಹುಡುಕಿ, ಚಪ್ಪಲಿಯನ್ನು ಮೇಲೆತ್ತಿ ಹಿಡಿದು, ಇದು ಯಾರದು, ಹೊಸದಿದೆ, ಬಂದು ಒಯ್ಯಿರಿ ಎಂದು ಕೂಗಿದ. ಒಂದು ಕಾಲು ಬರಿಗಾಲಾದ ಹುಡುಗ ಎಲ್ಲರ ಎದುರು ಕುಂಟುತ್ತ ಬಂದು ತೆಗೆದುಕೊಳ್ಳಬೇಕಾಯಿತು. ಆ ಕಡೆಯವರೂ ನಕ್ಕರು, ಈ ಕಡೆಯವರೂ ನಕ್ಕರು, ಬ್ಯಾಂಡು ಮುಂದೆ ಹೋಯಿತು. ಪೈಲ್ವಾನ ನನ್ನ ಅಂಗಡಿಯ ಪಕ್ಕದ ಸಂದಿಯಲ್ಲಿ ಕೈಗಾಡಿಯ ಮೇಲೆ ಕೂತಿದ್ದ. ಗಾಡಿಯ ತುಂಬ ಆ ಬೀದಿಯ ಕಲ್ಲು. ಅವನು ಎದ್ದು ಗಾಡಿ ತಳ್ಳಿಕೊಂಡು ಹೋದ.

ಅವನ ಜೋಡಿ ನಾನು ಒಬ್ಬನೇ ಇದ್ದದ್ದು ಒಂದೇ ಸಲ. ಹುಮನಾಬಾದಿನಲ್ಲಿ ಒಂದು ಸಭೆ ಇತ್ತು, ದೋಸ್ತನಿಗೆ ಜ್ವರ, ನಾವಿಬ್ಬರೇ ಹೋಗಿ ಬಂದೆವು. ಬರುವಾಗ ಬಸ್ಸಿನಲ್ಲಿ ಒಂದೇ ಸೀಟು. ಕಾರ್ಖಾನೆಗಳ ಸಾಲು ದಾಟುವವರೆಗೆ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ಆಮೇಲೆ ಅವನೇ ನನ್ನ ಕಡೆ ತಿರುಗಿದ.

"ಸಾವ್ಕಾರ್ರ, ಒಂದು ಮಾತು ಹೇಳ್ತೀನಿ, ಸಿಟ್ಟಾಗಬ್ಯಾಡ್ರಿ. ನಿಮ್ಮ ಮ್ಯಾಲ ನನಗ ಭಾಳ ಹೊಟ್ಟಿಕಿಚ್ಚದ."

ನಾನು ತಪ್ಪು ಕೇಳಿಸಿಕೊಂಡೆನೇ ಎಂದು ಅವನ ಮುಖ ನೋಡಿದೆ.

"ನೀವು ಅವರ ಅಂಗಡ್ಯಾಗ ಕಾಲು ಚಾಚಿ ಗೊರಕಿ ಹೊಡಿತೀರಿ. ನಾ ಇಷ್ಟು ವರ್ಷ ಆತು, ಆ ಗ್ವಾಡಿಗ ಒಂದು ದಿನ ಬೆನ್ನು ಹಚ್ಚಿಲ್ರಿ. ಹಚ್ಚಬೇಕಂತೀನಿ, ಆಗಂಗಿಲ್ಲ."

ನಾನು ನೆನಪು ಮಾಡಿಕೊಂಡೆ. ಹೌದು, ಅವನು ಯಾವಾಗಲೂ ಮುಂದಕ್ಕೆ ಬಾಗಿಯೇ ಕೂಡುತ್ತಿದ್ದ, ಈಗ ಎದ್ದು ಹೋಗುವವನ ಹಾಗೆ. ದಬ್ಬಳದ ಕೆಲಸಕ್ಕೆ ಹಾಗೆ ಕೂಡುತ್ತಾನೆ ಎಂದು ತಿಳಿದಿದ್ದೆ. ಆ ಕ್ಷಣ ನನಗೆ ಆದ ಸಂತೋಷವನ್ನು ಏನೆಂದು ಹೇಳಲಿ. ಅವನ ಸಂಕಟಕ್ಕೆ ಮರುಗಬೇಕಾದವನು ಒಳಗೊಳಗೇ ಹಿಗ್ಗಿದೆ. ಇಳಿಯುವ ಹೊತ್ತಿಗೆ ಹಿಗ್ಗು ಇಳಿದು ಬೇರೆ ಏನೋ ಆಯಿತು. ಈ ಮಾತನ್ನು ಅವನು ದೋಸ್ತನಿಗೂ ಹೇಳಿರಲಿಲ್ಲ, ನನಗೇ ಹೇಳಿದ. ನಾನೂ ದೋಸ್ತನಿಗೆ ಹೇಳಿಲ್ಲ. ಅವನು ನನಗೊಬ್ಬನಿಗೇ ಕೊಟ್ಟದ್ದು ಅದೊಂದೇ, ಯಾಕೆ ಹಂಚಿಕೊಳ್ಳಲಿ?

ಹೋದ ವರ್ಷ ಶ್ರಾವಣದಲ್ಲಿ ಪೈಲ್ವಾನ ತೀರಿಕೊಂಡ. ಬೆಳಿಗ್ಗೆ ಲಿಂಗಪೂಜೆಗೆ ಕೂತವನು ಕೂತಲ್ಲೇ ಹೋಗಿದ್ದ. ಅಂಗಡಿಗೆ ಯಾಕೆ ಬರಲಿಲ್ಲ ಎಂದು ನೋಡಲು ಹೋದ ದೋಸ್ತನೇ ಮೊದಲು ಕಂಡವನು. ಮಂಠಾಳದಿಂದ ಒಬ್ಬ ತಮ್ಮ ಬಂದ. ತಾಲೀಮಿನ ಹಳೆ ಹುಡುಗರು, ಈಗ ಅವರಿಗೂ ತಲೆ ನೆರೆತಿದೆ, ನಾಲ್ಕೈದು ಜನ ಬಂದು ದೂರ ನಿಂತರು. ಲಿಂಗವಂತರ ಪದ್ಧತಿಯಂತೆ ಕೂಡಿಸಿ ಮಣ್ಣು ಮಾಡಿದೆವು. ಹೊದಿಸಲು ಬಿಳಿ ಅರಿವೆ ನನ್ನ ಅಂಗಡಿಯದು. ಅದನ್ನು ಮಾತ್ರ ನಾನು ಅಳೆಯದೆ ಹರಿದುಕೊಟ್ಟೆ.

ಮಣ್ಣು ಮುಗಿದ ಮೇಲೆ ದೋಸ್ತ ಆ ಹಸಿ ಮಣ್ಣಿನ ಪಕ್ಕ ಕೂತುಬಿಟ್ಟ. ನಾನು ಅವನನ್ನು ಚಡ್ಡಿ ಹಾಕಿದ ಕಾಲದಿಂದ ಬಲ್ಲೆ. ಅವನ ಅಪ್ಪ ಹೋದಾಗ ಮುಖಕ್ಕೆ ಟವೆಲ್ ಹಚ್ಚಿಕೊಂಡು ಸದ್ದಿಲ್ಲದೆ ಅತ್ತಿದ್ದ. ಅಂಗಡಿ ಸುಟ್ಟ ದಿನ ಒಂದು ಹನಿ ತೆಗೆದಿರಲಿಲ್ಲ. ಅವತ್ತು ಬಾಯಿ ಬಿಟ್ಟು, ಊರವರ ಎದುರು, ಹೆಂಗಸರ ಹಾಗೆ ಗೋಳಿಟ್ಟ. ಇನ್ನು ಮುಂಜಾನೆ ನಾ ಯಾರ ಜೋಡಿ ಕೂಡಲಿ, ಯಾರ ಜೋಡಿ ಕೂಡಲಿ ಎಂದು ಅದೊಂದೇ ಮಾತು. ರಟ್ಟೆ ಹಿಡಿದು ಎಬ್ಬಿಸಿದವನು ನಾನು. ಅವನ ಎದುರು ಸಾಲಿನಲ್ಲಿ ನಾನು ಜೀವಂತ ಕೂತಿರುತ್ತೇನೆ ಎಂಬುದು ಅವನಿಗೆ ಆ ಹೊತ್ತಿನಲ್ಲಿ ನೆನಪಾಗಲಿಲ್ಲ.

ಮೂರು ವಾರಕ್ಕೆ ಗಣಪತಿ ಬಂತು. ಮೆರವಣಿಗೆಯ ಹಿಂದಿನ ದಿನ ದೋಸ್ತ ಕೈಗಾಡಿಯನ್ನು ನನ್ನ ಅಂಗಡಿಯ ಮುಂದೆ ತಂದು ನಿಲ್ಲಿಸಿ, ನಡಿ ಎಂದ. ನನಗೆ ಮೊಣಕಾಲು ನೋವು, ಗಿರಾಕಿಗಳಿದ್ದರು, ಆದರೂ ಹೋದೆ. ದಾರಿಯುದ್ದಕ್ಕೂ ನಾನು ಗಾಡಿ ತಳ್ಳಿದೆ, ಅವನು ಕಲ್ಲು ಆರಿಸಿದ. ಆರಿಸುತ್ತ ಬರೀ ಪೈಲ್ವಾನನ ಮಾತು. ಈ ಮೂಲೆಯಲ್ಲಿ ಅವನು ಹೀಗೆ ಬಗ್ಗಿ ನೋಡುತ್ತಿದ್ದ, ಆ ಮಾಳಿಗೆಗೆ ಹೀಗೆ ಹತ್ತುತ್ತಿದ್ದ. ಓಣಿಯ ಹೆಂಗಸರು ಮಕ್ಕಳನ್ನು ಪಕ್ಕಕ್ಕೆ ಎಳೆದುಕೊಂಡು, ಸರಿಯಿರಿ, ಶರಣರ ಗಾಡಿ ಬಂತು ಎಂದರು. ತಳ್ಳುತ್ತಿದ್ದವನು ನಾನು, ಬೆವರು ನನ್ನದು. ಗಾಡಿ ಅವನದೇ ಆಯಿತು. ಸಂಜೆಯವರೆಗೂ ತಳ್ಳಿದೆ.

ಮನೆಗೆ ಬಂದು ಬಚ್ಚಲಿನಲ್ಲಿ ಕೈ ಮುಂದೆ ಮಾಡಿದೆ. ನಮ್ಮಾಕೆ ತಂಬಿಗೆಯಿಂದ ನೀರು ಹಾಕುತ್ತಿದ್ದಳು. ಕೈ ಉಜ್ಜಿಕೊಳ್ಳುತ್ತ, ಒಂದು ಕೆಲಸ ಹೇಳುತ್ತೇನೆ ಮರೆಯಬೇಡ ಎಂದೆ.

"ನಾ ಅವನಕಿಂತ ಮೊದಲ ಹೋದ್ರ, ನನ್ನ ಮಣ್ಣಿನ ದಿನ ಅಂವ ಎಷ್ಟು ಅಳ್ತಾನ ಅಂತ ಸರಿಯಾಗಿ ನೋಡು. ಪೈಲ್ವಾನನಿಗ ಅತ್ತದ್ದಕ್ಕಿಂತ ಹೆಚ್ಚೋ ಕಡಿಮಿಯೋ ನೋಡಿ ಇಡು."

ಆಕೆ ನೀರು ಹಾಕುವುದನ್ನು ನಿಲ್ಲಿಸಿದಳು.

"ನೋಡ್ತೀನ್ರಿ," ಎಂದಳು. "ನೋಡಿ ಯಾರಿಗ ಹೇಳ್ಲಿ?"